ಶಸ್ತ್ರಚಿಕಿತ್ಸೆಯ ನಂತರ ಬೆಕ್ಕಿನ ಮರಿಯ ಆರೈಕೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಕಾಳಿನ ಚೀಲವಿರುವ ಮನೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಆದ್ದರಿಂದ ಮನೆಗಳಲ್ಲಿ ಮಾತ್ರವಲ್ಲ, ಹಾಸ್ಟೆಲುಗಳ ಉಗ್ರಾಣಗಳಲ್ಲಿಯೂ ಬೆಕ್ಕು ಬೇಕೇ ಬೇಕು. ಸಂತಾನಹರಣಕ್ಕಾಗಿಯೋ, ಗಾಯದ ಕಾರಣದಿಂದಲೋ ಮರಿಗೆ ಶಸ್ತ್ರಚಿಕಿತ್ಸೆಯಾದಾಗ ವೈದ್ಯರ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮುಂದಿನ ಹತ್ತು ಹದಿನಾಲ್ಕು ದಿನಗಳ ಹೊಣೆ ಮನೆಯವರದ್ದು. ಅನೇಕ ಮರಿಗಳು ಸಾಯುವುದು ಶಸ್ತ್ರಚಿಕಿತ್ಸೆಯಿಂದಲ್ಲ, ಆನಂತರದ ಅಜಾಗರೂಕತೆಯಿಂದ ಎಂಬುದನ್ನು ನಾವು ನೆನಪಿಡಬೇಕು.

ಮೊದಲ ರಾತ್ರಿ

ಮರಿಯನ್ನು ಗಾಳಿಯಾಡುವ ಬುಟ್ಟಿಯಲ್ಲಿ ಅಥವಾ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತರಬೇಕು. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರೆ ಅರ್ಧ ಮತ್ತಿನಲ್ಲಿರುವ ಮರಿ ಹೆದರಿ ಹಾರಬಹುದು. ಮನೆಯಲ್ಲಿ ಅದನ್ನು ಮಂಚ, ಕಟ್ಟೆಗಳ ಮೇಲಿಡದೆ, ನೆಲದ ಮೇಲೆ ಹಳೆಯ ಹತ್ತಿಬಟ್ಟೆ ಹಾಸಿ, ಮಂದ ಬೆಳಕಿನ ನಿಶ್ಶಬ್ದ ಕೋಣೆಯಲ್ಲಿ ಮಲಗಿಸಬೇಕು.

ಅರಿವಳಿಕೆಯ ಪ್ರಭಾವದಿಂದ ಮರಿಯ ಮೈ ಬೇಗನೆ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಬರಿ ಬಾಟಲಿ ತಾಗಿದರೆ ಚರ್ಮ ಸುಡುತ್ತದೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೋಣೆ ಕಾದ ಹೆಂಚಿನಂತಾಗುವುದರಿಂದ ಅಲ್ಲಿ ಮರಿಯನ್ನು ಇಡಲೇಬಾರದು.

ಪೂರ್ಣ ಎಚ್ಚರವಾಗಿ, ತಲೆಯೆತ್ತಿ ನಡೆಯುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಮತ್ತಿನಲ್ಲಿದ್ದಾಗ ನೀರು ಶ್ವಾಸಕೋಶಕ್ಕೆ ಹೋಗಬಹುದು. ಎಚ್ಚರವಾದ ಮೇಲೆ ಸ್ವಲ್ಪ ನೀರು, ನಂತರ ಸ್ವಲ್ಪ ಆಹಾರ ಕೊಡಬೇಕು. ಚಿಕ್ಕ ಮರಿಗೆ ದೀರ್ಘ ಉಪವಾಸ ಒಳ್ಳೆಯದಲ್ಲ, ರಕ್ತದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸ ಅಥವಾ ಮೊಟ್ಟೆ ಉತ್ತಮ. ಹಸುವಿನ ಹಾಲಿನಿಂದ ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ.

ಮನುಷ್ಯರ ಮಾತ್ರೆ ಬೇಡ

ಮರಿ ನರಳುತ್ತಿದೆಯೆಂದು ಕನಿಕರದಿಂದ ಮನೆಯಲ್ಲಿದ್ದ ಜ್ವರದ ಮಾತ್ರೆಯ ಚೂರು ಕೊಡುವವರಿದ್ದಾರೆ. ಕ್ರೋಸಿನ್, ಡೋಲೋ ಮುಂತಾದ ಹೆಸರುಗಳಲ್ಲಿ ಸಿಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ; ಇದರಿಂದ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಮಾತ್ರೆಯ ಸಣ್ಣ ಭಾಗವೂ ಮರಿಯ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಅಪಾಯಕಾರಿ. ಪಶುವೈದ್ಯರು ಬರೆದುಕೊಟ್ಟ ಔಷಧವನ್ನು, ಅವರು ಹೇಳಿದ ಅಳತೆಯಲ್ಲಿ ಮಾತ್ರ ಕೊಡಬೇಕು.

ಗಾಯದ ಆರೈಕೆ

ಗಾಯಕ್ಕೆ ಡೆಟಾಲ್, ಸೀಮೆಎಣ್ಣೆ, ಬೂದಿ, ಅರಿಶಿನದ ಎಣ್ಣೆ ಹಚ್ಚಬಾರದು. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಡೆಟಾಲಿನಂಥ ದ್ರವಗಳು ಅದರ ಹೊಟ್ಟೆ ಸೇರಿದರೆ ವಿಷವಾಗುತ್ತವೆ. ಗಾಯ ಒಣಗಿರಲಿ, ಸ್ನಾನ ಬೇಡ. ದಿನಕ್ಕೆರಡು ಬಾರಿ ಕಣ್ಣಿನಿಂದ ನೋಡಿದರೆ ಸಾಕು, ಮುಟ್ಟುವ ಅಗತ್ಯವಿಲ್ಲ.

ನೆಕ್ಕಿ ಹೊಲಿಗೆ ಬಿಚ್ಚದಂತೆ ಕೊರಳಿಗೆ ಪಟ್ಟಿ ಹಾಕಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯನ್ನು ಆಲಿಕೆಯಂತೆ ಸುತ್ತಿ, ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿ ಮಾಡಿಕೊಳ್ಳಬಹುದು. ಕೊರಳಿಗೂ ಪಟ್ಟಿಗೂ ನಡುವೆ ಒಂದೆರಡು ಬೆರಳು ತೂರುವಷ್ಟು ಸಡಿಲವಿರಬೇಕು.

ದನದ ಕೊಟ್ಟಿಗೆ ಹತ್ತಿರವಿರುವ ಮನೆಗಳಲ್ಲಿ ನೊಣಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳು ಬೀಳುತ್ತದೆ. ಪೆಟ್ಟಿಗೆಗೆ ಸೊಳ್ಳೆಪರದೆ ಹೊದಿಸುವುದು ಸುಲಭದ ಉಪಾಯ. ಮಲಮೂತ್ರಕ್ಕೆ ಮರಳಿನ ಬದಲು ಹರಿದ ವೃತ್ತಪತ್ರಿಕೆ ಹಾಕಿದರೆ ಗಾಯಕ್ಕೆ ಧೂಳು ಅಂಟುವುದಿಲ್ಲ. ಹೊಲಿಗೆ ತೆಗೆಯುವವರೆಗೆ ಹಾರಾಟ, ಮಾಳಿಗೆ ಹತ್ತುವುದು, ಬೇರೆ ಬೆಕ್ಕುಗಳ ಜೊತೆ ಜಗಳ ಯಾವುದಕ್ಕೂ ಅವಕಾಶ ಕೊಡಬಾರದು.

ವೈದ್ಯರ ಬಳಿ ಯಾವಾಗ ಹೋಗಬೇಕು?

ಗಾಯದ ಸುತ್ತ ಸ್ವಲ್ಪ ಊತ, ನಸುಗೆಂಪು ಮೊದಲ ದಿನಗಳಲ್ಲಿ ಸಹಜ. ಆದರೆ ರಕ್ತ ನಿಲ್ಲದಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ಹೊಲಿಗೆ ಬಿಚ್ಚಿಕೊಂಡರೆ, ಒಸಡು ಬಿಳಿಚಿಕೊಂಡರೆ, ಪದೇ ಪದೇ ವಾಂತಿಯಾದರೆ, ಒಂದು ದಿನ ಕಳೆದರೂ ತಿನ್ನದಿದ್ದರೆ ಅಥವಾ ಮೂತ್ರ ಮಾಡದಿದ್ದರೆ ಕಾಯಬಾರದು. ತಾಲ್ಲೂಕು ಕೇಂದ್ರದ ಸರಕಾರಿ ಪಶು ಆಸ್ಪತ್ರೆಗೆ ಕೂಡಲೇ ಹೋಗಬೇಕು. ದೂರದ ಹಳ್ಳಿಯವರು ಚಿಕಿತ್ಸೆ ಮಾಡಿದ ವೈದ್ಯರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಮನೆಯ ಮಕ್ಕಳ ವಿಷಯ. ನೋವಿನಲ್ಲಿರುವ ಮರಿ ಸಾಕಿದವರನ್ನೂ ಕಚ್ಚಬಹುದು, ಪರಚಬಹುದು. ಬೆಕ್ಕಿನಿಂದಲೂ ರೇಬೀಸ್ ಹರಡುತ್ತದೆ. ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ಮರಿ ಚೇತರಿಸಿಕೊಂಡ ಮೇಲೆ ಅದಕ್ಕೂ ರೇಬೀಸ್ ಲಸಿಕೆ ಹಾಕಿಸೋಣ. ನಮ್ಮನ್ನು ನಂಬಿಕೊಂಡಿರುವ ಮೂಕಜೀವಿಗೆ ಹದಿನಾಲ್ಕು ದಿನಗಳ ಗಮನ ಕೊಡುವುದು ನಮಗೆ ಹೊರೆಯಾಗಲಾರದು.