ಉಳಿದ ನಾಲ್ಕು ಲೀಟರ್ ಕೂಲಂಟ್

ಬಳ್ಳಾರಿಯ ಬಿಸಿಲಿನಲ್ಲಿ ನಿಂತು ‘ಆ್ಯಂಟಿಫ್ರೀಜ್’ ಎಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದು ಫ್ರಿಜ್‌ನೊಳಗೆ ಮಾತ್ರ. ಆದರೂ ಕುರುಗೋಡಿನಲ್ಲಿ ನಮ್ಮ ಮನೆ ಮುಂದೆ ನಿಲ್ಲುವ ಅಪ್ಪನ ಲಾರಿಗೆ ಅದನ್ನೇ ಹಾಕುತ್ತೇವೆ, ಕೂಲಂಟ್ ಎಂಬ ಹೆಸರಿನಲ್ಲಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರನ್ನು ಬೇಗ ಹೆಪ್ಪುಗಟ್ಟಲು ಬಿಡದ ಹಾಗೆ ಬೇಗ ಕುದಿಯಲೂ ಬಿಡುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ ಕುದಿಯುವುದು ಸುಮಾರು 107 ಡಿಗ್ರಿಗೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಇನ್ನೂ ಮೇಲೆ. ತುಕ್ಕು ತಡೆಯುವ ಔಷಧವೂ ಅದರಲ್ಲಿರುತ್ತದೆ. ಬರೀ ಬೋರ್ ನೀರು ಹೊಯ್ದರೆ, ಮನೆಯ ಹಂಡೆಯಲ್ಲಿ ಕಟ್ಟುವ ಬಿಳಿ ಪದರ ಎಂಜಿನ್ ಒಳಗೂ ಕಟ್ಟುತ್ತದೆ.

ಇಷ್ಟೆಲ್ಲ ಬಲ್ಲ ನಾನು ಮೆಕ್ಯಾನಿಕಲ್ ಬಿಇ ವಿದ್ಯಾರ್ಥಿ. ಕಳೆದ ಬೇಸಿಗೆ ರಜೆಯಲ್ಲಿ ‘ಶೆಡ್‌ಗೆ ಯಾಕೆ ದುಡ್ಡು, ನಾನೇ ಬದಲಾಯಿಸ್ತೀನಿ’ ಎಂದೆ. ಅಪ್ಪ ‘ಮಾಡಪ್ಪಾ’ ಎಂದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಅದೇ ನನ್ನನ್ನು ಕೆಡಿಸಿತು.

ಎಂಜಿನ್ ತಣ್ಣಗಿದ್ದಾಗ ಕೆಳಗಿನ ಪ್ಲಗ್ ಬಿಚ್ಚಿ ಹಳೆಯ ಕೂಲಂಟ್ ಇಳಿಸಿದೆ. ಹತ್ತು ಲೀಟರಿನ ಎರಡು ಬಕೆಟ್ ತುಂಬಿತು. ಅದನ್ನು ಚರಂಡಿಗೆ ಚೆಲ್ಲಲಿಲ್ಲ. ರುಚಿ ಸಿಹಿ, ಆದರೆ ವಿಷ. ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ. ಒಳಗನ್ನು ತೊಳೆದು, 20 ಲೀಟರ್ ಹೊಸ ಮಿಶ್ರಣ ತಯಾರಿಸಿ ಸುರಿದೆ. 16 ಲೀಟರಿಗೇ ಬಾಯಿ ತುಂಬಿತು. ತೊಳೆದ ನೀರು ಒಳಗೆ ನಿಂತಿರಬೇಕು ಅಂದುಕೊಂಡೆ. ನಾಲ್ಕು ಲೀಟರ್ ಉಳಿಯಿತಲ್ಲ ಎಂದು ಖುಷಿಯೂ ಆಯಿತು. ಕ್ಯಾನನ್ನು ಕ್ಯಾಬಿನ್‌ನಲ್ಲಿಟ್ಟೆ.

ಮರುದಿನ ಸಿರುಗುಪ್ಪದ ಮಿಲ್‌ನಲ್ಲಿ ಅಕ್ಕಿ ಮೂಟೆ ಹೇರಿಕೊಂಡು ಬಳ್ಳಾರಿಗೆ ಹೊರಟೆವು. ಕ್ಲೀನರ್ ಜಾಗದಲ್ಲಿ ನಾನು. ತೆಕ್ಕಲಕೋಟೆ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಎಳೆಯುವುದು ಕಮ್ಮಿಯಾಯಿತು. ‘ಬೆಲ್ಲ ಕಾಯಿಸಿದಂಗ ವಾಸನಿ ಬರ್ತೈತಿ ನೋಡು’ ಎಂದರು ಅಪ್ಪ. ನಾನು ಮೀಟರ್ ನೋಡಿದೆ. ಮುಳ್ಳು ಕೆಳಗೇ ಇತ್ತು. ‘ಟೆಂಪರೇಚರ್ ನಾರ್ಮಲ್ ಇದೆ ಅಪ್ಪಾ’ ಎಂದೆ. ಅವರು ಉತ್ತರ ಕೊಡದೆ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಮುಂದಿನಿಂದ ಹಬೆ ಬರುತ್ತಿತ್ತು.

ನಾನು ಮುಚ್ಚಳ ತಿರುಗಿಸಲು ಹೋದೆ. ಅಪ್ಪ ಕೈಗೆ ಫಟ್ಟನೆ ಹೊಡೆದರು. ಒತ್ತಡದಲ್ಲಿರುವ ಆ ಬಿಸಿ ನೀರು ಚಿಮ್ಮಿದ್ದರೆ ಮುಖ ಬೆಂದುಹೋಗುತ್ತಿತ್ತು.

ಒಂದು ಗಂಟೆಗೂ ಹೆಚ್ಚು ಕಾದೆವು. ಅಪ್ಪ ಮಾತಾಡಲಿಲ್ಲ. ಹೆಡ್ ಬಾಗಿದ್ದರೆ, ಗ್ಯಾಸ್ಕೆಟ್ ಹೋಗಿದ್ದರೆ ಏನು ಖರ್ಚು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ತಿಂಗಳ ಲಾರಿ ಕಂತು ಇನ್ನೂ ಕಟ್ಟಿರಲಿಲ್ಲ. ನನ್ನ ಫೀಸೂ ಅದೇ ಗಾಡಿಯಿಂದ ಬರಬೇಕು.

ಬಳ್ಳಾರಿಯ ಮೆಕ್ಯಾನಿಕ್ ಚಾಚಾಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಇಳಿಸಿದಿ, ಎಷ್ಟು ಹಾಕಿದಿ?’

ಅಷ್ಟರಲ್ಲೇ ನನಗೆ ಅರ್ಥವಾಯಿತು. ಆ ನಾಲ್ಕು ಲೀಟರಿನ ಜಾಗದಲ್ಲಿ ಗಾಳಿ ಕೂತಿತ್ತು. ಗಾಳಿ ಮೇಲಕ್ಕೇರಿ ಹೆಡ್ ಹತ್ತಿರ ಸಿಕ್ಕಿಕೊಳ್ಳುತ್ತದೆ, ನೀರು ಸುತ್ತಲು ಬಿಡುವುದಿಲ್ಲ. ಮೀಟರಿನ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿದ್ದರೆ ಸರಿಯಾದ ಉಷ್ಣತೆ ತೋರಿಸುವುದಿಲ್ಲ. ಮುಳ್ಳು ಸುಮ್ಮನಿದ್ದದ್ದು ಅದಕ್ಕೇ.

ಎಂಜಿನ್ ಪೂರ್ತಿ ಆರಿದ ಮೇಲೆ ಚಾಚಾ ಹೇಳಿದಂತೆ ಮೇಲಿನ ಪೈಪಿನ ಕ್ಲಿಪ್ ಸಡಿಲಿಸಿದೆ. ಉಸ್ ಎಂದು ಗಾಳಿ ಹೊರಟಿತು. ಕ್ಯಾನಿನಿಂದ ಸಣ್ಣ ಧಾರೆಯಾಗಿ ಹೊಯ್ದೆ. ಗುಳ್ಳೆ ನಿಂತು ಬರೀ ಕೂಲಂಟ್ ಬಂದಾಗ ಕ್ಲಿಪ್ ಬಿಗಿದೆ. ಮುಚ್ಚಳ ತೆಗೆದಿಟ್ಟೇ ಎಂಜಿನ್ ಶುರು ಮಾಡಿ, ರೇಸ್ ಕೊಡದೆ ಓಡಿಸಿದೆವು. ಮೇಲಿನ ಪೈಪ್ ಬಿಸಿಯಾಗತೊಡಗಿತು. ಥರ್ಮೋಸ್ಟಾಟ್ ತೆರೆದುಕೊಂಡಿತ್ತು, ಮಟ್ಟ ಗುಳುಂ ಎಂದು ಇಳಿಯಿತು. ಮತ್ತೆ ಹೊಯ್ದೆ. ಮನೆ ಮುಂದೆ ನಾನು ಮಾಡದೇ ಬಿಟ್ಟದ್ದು ಇಷ್ಟೇ, ಈ ಇಪ್ಪತ್ತು ನಿಮಿಷದ ಕೆಲಸ. ಪೈಪಿನ ಮೂಲಕ ಹರಿವಿನ ಲೆಕ್ಕವನ್ನು ಎರಡು ಸೆಮಿಸ್ಟರ್ ಬರೆದವನಿಗೆ ಬಕೆಟ್ ಲೆಕ್ಕ ಹೊಳೆಯಲಿಲ್ಲ.

ಅಪ್ಪ ಆಯಿಲ್ ಕಡ್ಡಿ ಎಳೆದು ಬಿಸಿಲಿಗೆ ಹಿಡಿದರು. ನೀರು ಸೇರಿದ್ದರೆ ಹಾಲು ಹಾಕಿದ ಚಹಾದಂತೆ ಕಾಣುತ್ತಿತ್ತು. ಕಪ್ಪಗೇ ಇತ್ತು. ಅವರು ಕಡ್ಡಿ ಒರೆಸಿ ಸೇರಿಸಿ, ‘ಹತ್ತು’ ಎಂದರು.

ಮರುದಿನ ಬೆಳಿಗ್ಗೆ ತಣ್ಣಗಿದ್ದ ರೇಡಿಯೇಟರ್ ತೆರೆದು ನೋಡಿದೆ. ಇನ್ನೂ ಅರ್ಧ ಲೀಟರ್ ಹಿಡಿಯಿತು. ಕ್ಯಾನ್ ಖಾಲಿಯಾಯಿತು.