ಸ್ಕಾಟ್ಲೆಂಡಿನ ಮಾವ, ಕಲಾದಗಿಯಲ್ಲಿ ತೀರಿಕೊಂಡ ಸೊಸೆ

ತಾತನ ತಾತ ಯಾರು, ಯಾವ ಊರಿನವರು ಎಂದು ಹುಡುಕುವುದು ಸ್ಕಾಟ್ಲೆಂಡಿನವರಿಗೂ, ಅಲ್ಲಿಂದ ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದವರ ಮೊಮ್ಮಕ್ಕಳಿಗೂ ಬಹಳ ಇಷ್ಟದ ಕೆಲಸ. ನಮ್ಮ ಕೆಲವು ಮನೆಗಳಲ್ಲಿ ಶಜರಾ ಬರೆದಿಟ್ಟಿರುತ್ತಾರಲ್ಲ, ಅಂಥದ್ದೇ. ಆದರೆ ಅಲ್ಲಿ ಹಿರಿಯರ ಬಾಯಿಮಾತು ಸಾಲದು, ಪ್ರತಿ ಹೆಸರಿಗೂ ಒಂದು ಕಾಗದ ತೋರಿಸಬೇಕು. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಹೇಳುವ ಹಾಗೆ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಕವಿ ರಾಬರ್ಟ್ ಬರ್ನ್ಸ್ ಅವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವರು ರೈತನ ಮಗ, ದೊಡ್ಡ ಮನೆತನದವರಲ್ಲ. ಹಾಗಾಗಿ ಸಾಮಾನ್ಯ ಜನರ ದಾಖಲೆಗಳು ಎಲ್ಲೆಲ್ಲಿ ಸಿಗುತ್ತವೆ ಎಂಬುದು ಅವರ ಜೀವನದಿಂದ ಚೆನ್ನಾಗಿ ಗೊತ್ತಾಗುತ್ತದೆ. ಅವರ ಕುಟುಂಬದ ಒಂದು ಎಳೆ ನಮ್ಮ ಬಾಗಲಕೋಟೆ ಜಿಲ್ಲೆಗೂ ಬರುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

1855ಕ್ಕಿಂತ ಮೊದಲು ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಜನನ ನೋಂದಣಿ ಇರಲಿಲ್ಲ. ಚರ್ಚಿನವರು ಮಗುವಿಗೆ ದೀಕ್ಷಾಸ್ನಾನ ಮಾಡಿಸಿದಾಗ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರ್ನ್ಸ್ 1759ರ ಜನವರಿ 25ರಂದು ಅಲೋವೇ ಎಂಬ ಹಳ್ಳಿಯಲ್ಲಿ ಹುಟ್ಟಿದರು, ಮರುದಿನವೇ ದೀಕ್ಷಾಸ್ನಾನ ಆಯಿತು. ಆದರೆ ಎಲ್ಲರ ಹೆಸರೂ ಹೀಗೆ ಸಿಗುವುದಿಲ್ಲ. 1783ರಿಂದ 1794ರವರೆಗೆ ಒಂದೊಂದು ನಮೂದಿಗೂ ಸರ್ಕಾರ ಮೂರು ಪೆನ್ನಿ ತೆರಿಗೆ ಹಾಕಿತ್ತು. ದುಡ್ಡು ಕೊಡುವುದೇಕೆ ಎಂದು ಎಷ್ಟೋ ಜನ ಬರೆಸಲೇ ಇಲ್ಲ. ಮೂರು ಪೆನ್ನಿ ಉಳಿಸಿದ ತಂದೆಯಿಂದಾಗಿ ಇಂದು ಮರಿಮೊಮ್ಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದಾರೆ!

ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಹೆಸರಿಡುವ ಪದ್ಧತಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯ ಹೆಸರು ಇಡುವುದು ಅಲ್ಲಿನ ರೂಢಿ. ಬರ್ನ್ಸ್ ಮನೆಯಲ್ಲಿ ರಾಬರ್ಟ್, ಗಿಲ್ಬರ್ಟ್, ವಿಲಿಯಂ ಎಂದು ಇದೇ ಕ್ರಮದಲ್ಲಿ ಇಟ್ಟಿದ್ದಾರೆ. ಆದರೆ ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ಅಡ್ಡಹೆಸರಿನ ಕಾಗುಣಿತವನ್ನಂತೂ ನಂಬಲೇಬಾರದು. ತಂದೆಯ ಕಡೆಯವರು ಬರ್ನೆಸ್, ಇವರು 1786ರಿಂದ ಬರ್ನ್ಸ್. ಮೊಹಮ್ಮದ್ ಎಂಬ ಹೆಸರನ್ನು ಮಾರ್ಕ್ಸ್‌ ಕಾರ್ಡಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಬರೆಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಚರ್ಚಿನ ಹಿರಿಯರ ಸಭೆಯ ಪುಸ್ತಕ. ನಮ್ಮ ಮೊಹಲ್ಲಾದ ಜಮಾತ್ ಕಮಿಟಿಯಂಥ ಸಭೆ ಅದು. ಜಗಳ, ಬಡವರಿಗೆ ಕೊಟ್ಟ ಸಹಾಯ, ಮದುವೆಯ ತಕರಾರು ಎಲ್ಲವನ್ನೂ ಬರೆದಿಡುತ್ತಿದ್ದರು. ಆಗಿನ ಸ್ಕಾಟ್ಲೆಂಡಿನಲ್ಲಿ ಗಂಡು ಹೆಣ್ಣು ಇಬ್ಬರೂ ಒಪ್ಪಿ ನಾವು ಗಂಡ ಹೆಂಡತಿ ಎಂದರೆ ಪಾದ್ರಿ ಇಲ್ಲದೆಯೂ ಮದುವೆ ಕಾನೂನಿನಲ್ಲಿ ನಿಲ್ಲುತ್ತಿತ್ತು. ನಿಕಾಹ್‌ನಲ್ಲಿ ಇಬ್ಬರ ಕಬೂಲ್ ಮುಖ್ಯ, ಆದರೆ ಸಾಕ್ಷಿಗಳು ಇರಲೇಬೇಕು. ಅಲ್ಲಿ ಅದೂ ಕಡ್ಡಾಯವಿರಲಿಲ್ಲ. 1786ರಲ್ಲಿ ಬರ್ನ್ಸ್ ಜೀನ್ ಆರ್ಮರ್ ಎಂಬ ಹುಡುಗಿಗೆ ಇಂಥದ್ದೊಂದು ಪತ್ರ ಬರೆದುಕೊಟ್ಟರು. ಸಂಬಂಧ ಒಪ್ಪದ ಹುಡುಗಿಯ ತಂದೆ ಆ ಪತ್ರದಲ್ಲಿದ್ದ ಹೆಸರುಗಳನ್ನೇ ಕತ್ತರಿಸಿ ಹಾಕಿಸಿದರು. ಪತ್ರ ಹೋಯಿತು, ಆದರೆ ಲೆಕ್ಕ ಬೇರೆ ಪುಸ್ತಕದಲ್ಲಿ ಉಳಿಯಿತು. 1788ರ ಆಗಸ್ಟ್‌ನಲ್ಲಿ ಮಾಕ್ಲಿನ್ ಊರಿನ ಸಭೆ ಇಬ್ಬರನ್ನೂ ಕರೆಸಿ ಆ ಮದುವೆಯನ್ನು ಮಾನ್ಯ ಮಾಡಿತು. ಬರ್ನ್ಸ್ ಬಡವರಿಗೆಂದು ಒಂದು ಗಿನಿ, ಅಂದರೆ 21 ಶಿಲ್ಲಿಂಗ್ ಕೊಟ್ಟರು ಎಂಬುದೂ ಪುಸ್ತಕದಲ್ಲಿದೆ.

1855ರ ಜನವರಿ 1ರಿಂದ ನೋಂದಣಿ ಕಡ್ಡಾಯವಾಯಿತು. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರಿನ ಹೆಸರು ಎಲ್ಲ ಕೇಳುತ್ತಾರೆ. ಪಕ್ಕದ ಇಂಗ್ಲೆಂಡಿನಲ್ಲಿ ಆಗ ಇದನ್ನು ಕೇಳುತ್ತಿರಲಿಲ್ಲ. ಕವಿಯ ತಂಗಿ ಇಸಾಬೆಲ್ಲಾ ಹುಟ್ಟಿದ್ದು 1771ರಲ್ಲಿ, ತೀರಿಕೊಂಡದ್ದು 1858ರಲ್ಲಿ. ಅಂಥವರ ಒಂದೇ ಕಾಗದ ನಮ್ಮನ್ನು ಒಂದು ತಲೆಮಾರು ಹಿಂದಕ್ಕೆ ಕರೆದೊಯ್ಯುತ್ತದೆ. ಆದರೆ ಮಾಹಿತಿ ಕೊಟ್ಟವರು ಯಾರು ಎಂಬ ಕಾಲಮ್ ನೋಡದೆ ನಂಬಬಾರದು. ಮಗಳು ಹೇಳಿದ್ದಕ್ಕೂ ಪಕ್ಕದ ಮನೆಯವರು ಹೇಳಿದ್ದಕ್ಕೂ ವ್ಯತ್ಯಾಸವಿದೆ. ಹದೀಸ್‌ನಲ್ಲಿ ಯಾರು ಯಾರಿಂದ ಕೇಳಿದರು ಎಂದು ಮೊದಲು ನೋಡುತ್ತಾರಲ್ಲ, ಹಾಗೆ.

ಈ ಪುಸ್ತಕಗಳ ಚಿತ್ರಗಳನ್ನು ಈಗ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ಜಾಲತಾಣದಲ್ಲಿ ದುಡ್ಡು ಕಟ್ಟಿ ನೋಡಬಹುದು. ಅಲ್ಲಿ ಹೆಂಗಸರನ್ನು ಹುಡುಕುವುದು ಸುಲಭ, ಏಕೆಂದರೆ ಮದುವೆಯಾದ ಮೇಲೂ ತವರಿನ ಹೆಸರು ಅಳಿಸುವುದಿಲ್ಲ. ಜೀನ್ ಇಂದಿಗೂ ಜೀನ್ ಆರ್ಮರ್ ಎಂದೇ ಪ್ರಸಿದ್ಧರು. ‘ಮ್ಯಾಕ್’ ಎಂದರೆ ಮಗ, ನಮ್ಮ ಪಹಣಿಯಲ್ಲಿ ಬರುವ ‘ಬಿನ್’ ಇದ್ದ ಹಾಗೆ.

ಇನ್ನು ನಮ್ಮ ಕಡೆಗೆ ಬರೋಣ. ಬರ್ನ್ಸ್ 1796ರಲ್ಲಿ, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇಬ್ಬರು ಮಕ್ಕಳು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು, ಜೇಮ್ಸ್ ಬಂಗಾಳದಲ್ಲಿ, ವಿಲಿಯಂ ನಿಕೋಲ್ ಮದ್ರಾಸಿನಲ್ಲಿ. ಆಗ ಸಾವಿರಾರು ಸ್ಕಾಟ್ಲೆಂಡಿನ ಹುಡುಗರು ಹೀಗೆ ಬರುತ್ತಿದ್ದರು. ಅವರ ಜನನ, ಮದುವೆ, ಮರಣಗಳ ಪ್ರತಿಗಳು ಎಡಿನ್‌ಬರೋದಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ಪುಸ್ತಕಗಳ ಒಂದು ವಿಷಯ ನನಗೆ ಸರಿ ಕಾಣಲಿಲ್ಲ. ತಮ್ಮ ಊರಿನಲ್ಲಿ ಹೆಂಡತಿಯ ತವರಿನ ಹೆಸರನ್ನೂ ಬಿಡದೆ ಬರೆಯುತ್ತಿದ್ದ ಇದೇ ಜನರ ಮಕ್ಕಳಿಗೆ ಇಲ್ಲಿ ದೀಕ್ಷಾಸ್ನಾನ ಆದಾಗ, ತಾಯಿ ಭಾರತೀಯಳಾಗಿದ್ದರೆ ಎಷ್ಟೋ ಕಡೆ ‘ಸ್ಥಳೀಯ ಹೆಂಗಸು’ ಎಂದಷ್ಟೇ ಬರೆದಿದ್ದಾರೆ. ತಂದೆಯ ಹೆಸರಿದೆ, ರೆಜಿಮೆಂಟ್ ಇದೆ, ಹುದ್ದೆ ಇದೆ, ಅಮ್ಮನ ಹೆಸರಿಲ್ಲ. ಆ ಮಕ್ಕಳ ವಂಶದವರು ತಂದೆಯ ಕಡೆಯಿಂದ ಇನ್ನೂರು ಮುನ್ನೂರು ವರ್ಷ ಹಿಂದೆ ಹೋಗಬಹುದು. ತಾಯಿಯ ಕಡೆಯಿಂದ ಒಂದು ಹೆಜ್ಜೆಯೂ ಇಡಲಾಗದು.

ವಿಲಿಯಂ ನಿಕೋಲ್ 1822ರಲ್ಲಿ ಕ್ಯಾಥರಿನ್ ಕ್ರೋನ್ ಅವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಆಕೆ 1841ರಲ್ಲಿ ‘ಕುಲ್ಲಡ್ಘೀ’ ಎಂಬಲ್ಲಿ ತೀರಿಕೊಂಡರು ಎಂದು ಬರ್ನ್ಸ್ ಕುಟುಂಬದ ಚರಿತ್ರೆಯಲ್ಲಿ ಬರುತ್ತದೆ. ಎರಡು ವರ್ಷದ ನಂತರ ಅವರು ಒಬ್ಬರೇ ಬ್ರಿಟನ್ನಿಗೆ ಮರಳಿದರು. ಸ್ಕಾಟ್ಲೆಂಡಿನಲ್ಲಿ ಕೂತವರಿಗೆ ಈ ಊರು ಯಾವುದೆಂದು ತಿಳಿಯದು. ಇಂದಿನ ಭೂಪಟದಲ್ಲಿ ಆ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಜೋರಾಗಿ ಓದಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ: ಕಲಾದಗಿ! ಘಟಪ್ರಭಾ ದಂಡೆಯ ಊರು, ದಾಳಿಂಬೆಗೆ ಹೆಸರಾದದ್ದು, ಹಿಂದೆ ಜಿಲ್ಲಾ ಕೇಂದ್ರವೂ ಸೈನ್ಯದ ದಂಡೂ ಆಗಿತ್ತು. ನಮ್ಮ ಕಾಲೇಜಿನಲ್ಲಿ ಆ ಕಡೆಯವರು ಯಾರಾದರೂ ಇದ್ದರೆ, ದಂಡು ಎಲ್ಲಿತ್ತು, ಅಲ್ಲಿ ಹಳೆಯ ಗೋರಿಗಳು ಉಳಿದಿವೆಯೇ ಎಂದು ಊರಿನ ಹಿರಿಯರನ್ನು ಕೇಳಿ ತಿಳಿಸಿ. ಇದ್ದರೆ, ಕಲ್ಲಿನ ಮೇಲಿನ ಹೆಸರನ್ನು ಅಲ್ಲಿ ಕಂಡ ಕಾಗುಣಿತದಲ್ಲೇ ಬರೆದುಕೊಂಡು ಬನ್ನಿ.