ಒಬ್ಬರೇ ರಂಗಾ, ಮೂವರು ರಾಮಕೃಷ್ಣರು!

ನಂಬ್ತೀರೋ ಬಿಡ್ತೀರೋ, ಒಬ್ಬರೇ ನಿರ್ದೇಶಕರು ಒಂದೇ ಕಥೆಯನ್ನು ಮೂರು ಭಾಷೆಯಲ್ಲಿ, ಮೂವರು ನಾಯಕರನ್ನಿಟ್ಟುಕೊಂಡು ತೆಗೆದಿದ್ದಾರೆ. ತುಂಟ ಕವಿ ತೆನಾಲಿ ರಾಮಕೃಷ್ಣನಾಗಿ ಮೂವರೂ ನಗಿಸಿದ್ದು ನಮ್ಮ ಹಂಪಿಯ ದೊರೆ ಕೃಷ್ಣದೇವರಾಯನನ್ನೇ! 1956ರ ತೆಲುಗು ‘ತೆನಾಲಿ ರಾಮಕೃಷ್ಣ’ದಲ್ಲಿ ಅಕ್ಕಿನೇನಿ ನಾಗೇಶ್ವರರಾವ್. ಅದೇ ವರ್ಷ ತಮಿಳಿನಲ್ಲಿ ಶಿವಾಜಿ ಗಣೇಶನ್. 26 ವರ್ಷ ಬಿಟ್ಟು, 1982ರಲ್ಲಿ, ಕನ್ನಡದ ‘ಹಾಸ್ಯರತ್ನ ರಾಮಕೃಷ್ಣ’ದಲ್ಲಿ ಅನಂತನಾಗ್. ನಿರ್ದೇಶಕರು ಬಿ.ಎಸ್. ರಂಗಾ. ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ ಕನ್ನಡ ಸಿನಿಮಾಕ್ಕೆ ಬಣ್ಣ ತಂದವರೂ ಇವರೇ.

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯವರಿಗೆ ಇದು ಲಾಟರಿ ಹೊಡೆದಂತೆ. ಇಲ್ಲಿ ಕನ್ನಡ ಸಿನಿಮಾ ನೋಡಿದ ಮನೆಯಲ್ಲೇ ತೆಲುಗು ಸಿನಿಮಾವೂ ಓಡುತ್ತದೆ. ಡಬ್ಬಿಂಗ್ ಬೇಕು ಅಂತ ಯಾರೂ ಕಾಯುವುದಿಲ್ಲ. ಹಾಗಾಗಿ ತೆಲುಗಿನದನ್ನೂ ಕನ್ನಡದ್ದನ್ನೂ ಒಂದರ ಹಿಂದೊಂದು ಹಾಕಿ ನೋಡಿ. ಬಹಮನಿ ಸುಲ್ತಾನರು ಬೇಹುಗಾರಿಕೆಗೆಂದು ಕಳಿಸಿದ ನರ್ತಕಿಯ ಬಲೆಗೆ ರಾಯ ಬೀಳುತ್ತಾನೆ, ರಾಮಕೃಷ್ಣ ಬಿಡಿಸಬೇಕು. ಮುಂದೇನು ಅಂತ ಗೊತ್ತಿದ್ದರೂ ಎರಡನೇ ಸಲ ಕಣ್ಣು ಕೀಳಲಾಗುವುದಿಲ್ಲ, ಏಕೆಂದರೆ ಈಗ ನೋಡುವುದು ಕಥೆಯನ್ನಲ್ಲ, ನಟನನ್ನು. ರಂಗಾ ತಮ್ಮ ಚಿತ್ರಕ್ಕೆ ತಾವೇ ಬೋನಸ್ ತೆಗೆದಿಟ್ಟು ಹೋಗಿದ್ದಾರೆ!

ಡಿಸ್ಕ್ ಕಂಪನಿಗಳಂತೂ ಅಂಥ ಬೋನಸ್ ಕೊಡಲಿಲ್ಲ. ನಮ್ಮ ಹಳೇ ಹಾಸ್ಯಚಿತ್ರಗಳ ವಿಸಿಡಿಯಲ್ಲಿ ಬೋನಸ್ ಅಂದರೆ ಬೇರೆ ಸಿನಿಮಾಗಳ ಜಾಹೀರಾತು, ಮೂಲೆಯಲ್ಲಿ ಕೊನೆತನಕ ಕೂತಿರುತ್ತಿದ್ದ ಕಂಪನಿ ಹೆಸರು. ಒಂದು ವಿಸಿಡಿಗೆ ಹಿಡಿಯುವುದು ಸುಮಾರು 74 ನಿಮಿಷ. ಸಿನಿಮಾ ಎರಡು ಮೂರು ತುಂಡಾಗಿ ಬರುತ್ತಿತ್ತು. ಮಾತು ಶುರುವಾಗಿರುತ್ತಿತ್ತು, ನಗು ಮುಂದಿನ ಡಿಸ್ಕಿನಲ್ಲಿ! ಚಿತ್ರ 352x288 ಚುಕ್ಕಿಗಳಷ್ಟೇ, ದೊಡ್ಡ ಟಿವಿಯಲ್ಲಿ ದರ್ಬಾರೆಲ್ಲ ಮಸಕು. ಆದರೂ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಬಿಟ್ಟ ದಿನಗಳನ್ನು ಬೈಯಲು ಮನಸ್ಸಾಗುವುದಿಲ್ಲ; ಬಾಡಿಗೆಗೆ ತರುತ್ತಿದ್ದವರು ಸಿನಿಮಾ ಕೊಂಡು ಮನೆಯಲ್ಲಿಟ್ಟುಕೊಂಡದ್ದು ಆಗಲೇ. ಆಮೇಲೆ ಬಂತು ನೋಡಿ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ತುಂಬಿಸುವ ಕಾಲ. ಅದರಲ್ಲಿ ಹೊದಿಕೆಯೂ ಇಲ್ಲ, ನಿರ್ದೇಶಕರ ಹೆಸರೂ ಇಲ್ಲ.

ನಿಜವಾದ ಬೋನಸ್ ಹೊಸಪೇಟೆಯಿಂದ 13 ಕಿಲೋಮೀಟರ್ ದೂರದ ಹಂಪಿಯಲ್ಲಿದೆ. ಮಹಾನವಮಿ ದಿಬ್ಬದ ಆವರಣದಲ್ಲಿ ರಾಜಸಭೆಯ ಜಾಗ ನೋಡಿದ್ದೀರಲ್ಲ? ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು ನೂರು ಕಂಬಗಳ ಗುರುತು. ಕಂಬ ಮಾತ್ರ ಒಂದೂ ಇಲ್ಲ! ಅವೆಲ್ಲ ಮರದವು. ಉಳಿದಿರುವುದು ಕಲ್ಲಿನ ಅಡಿಪಾಯ. ಈಗ ರಂಗಾ ಅವರ ದರ್ಬಾರಿನ ಸೆಟ್ಟನ್ನು ಕಣ್ಣಿಗೆ ತಂದುಕೊಳ್ಳಿ. ಕಂಬ, ಪರದೆ, ಸಿಂಹಾಸನ, ಮಧ್ಯೆ ಕೈಕಟ್ಟಿ ನಿಂತ ತುಂಟ ಕವಿ! ಹಂಪಿಯಲ್ಲಿ ಇಲ್ಲದ್ದು ಸಿನಿಮಾದಲ್ಲಿದೆ, ಸಿನಿಮಾದಲ್ಲಿ ಇಲ್ಲದ್ದು ಹಂಪಿಯಲ್ಲಿದೆ. ಸೆಟ್ಟು ಇತಿಹಾಸದ ಲೆಕ್ಕದಲ್ಲಿ ಅಷ್ಟೇನೂ ಸರಿಯಿಲ್ಲ ಎನ್ನುವವರು ಹೇಳಲಿ ಬಿಡಿ. ಆ ಬಿಸಿಲಲ್ಲಿ ಕಲ್ಲಿನ ಗುರುತು ಎಣಿಸುತ್ತ ನಿಂತಾಗ ನನಗೆ ಸಹಾಯಕ್ಕೆ ಬಂದದ್ದು ಸೆಟ್ಟೇ.

ರಾಯನ ಪಾತ್ರದ ಒಂದು ಎಳೆ ಎಳೆದರೆ ಇಡೀ ಸೀರೆ! 1956ರ ಎರಡೂ ಚಿತ್ರಗಳಲ್ಲಿ ರಾಯ ಎನ್.ಟಿ. ರಾಮರಾವ್. 1962ರ ‘ಮಹಾಮಂತ್ರಿ ತಿಮ್ಮರುಸು’ವಿನಲ್ಲೂ ಅವರೇ. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ‘ಆದಿತ್ಯ 369’ರಲ್ಲಿ ಕಾಲಯಂತ್ರ ಹತ್ತಿಸಿ ವಿಜಯನಗರಕ್ಕೆ ಕರೆದೊಯ್ದಾಗ ಸಿಂಹಾಸನದ ಮೇಲೆ ರಾಮರಾವ್ ಮಗ ಬಾಲಕೃಷ್ಣ! ನಮ್ಮಲ್ಲಿ 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್ ರಾಯ, ತೆನಾಲಿ ನರಸಿಂಹರಾಜು. ಆ ಗತ್ತಿನ ಎದುರು ಈ ಸಣಕಲು ಮೈ! ಜೋಡಿ ನಿಂತರೆ ಸಾಕು, ಅರ್ಧ ನಗು ಬಂದಾಯಿತು.

ರಂಗಾ ಅವರ ಮೂವರು ರಾಮಕೃಷ್ಣರಲ್ಲಿ ನನ್ನ ಮತ ಅನಂತನಾಗ್‌ಗೆ. ನಾಗೇಶ್ವರರಾವ್ ಚುರುಕು, ಶಿವಾಜಿ ಅಬ್ಬರ. ಅನಂತನಾಗ್ ಮಾತು ಮುಗಿಸಿ ಏನೂ ಆಗಿಲ್ಲವೆಂಬಂತೆ ನಿಲ್ಲುತ್ತಾರಲ್ಲ, ಅದು ಬೇರೆಯೇ. ಪ್ರತಿಯ ಗುಣಮಟ್ಟಕ್ಕೆ ಮಾತ್ರ ಪಾಸ್ ಮಾರ್ಕೂ ಕೊಡಲಾರೆ. ಮೂಲ ನೆಗೆಟಿವ್ ಎಲ್ಲಿದ್ದರೂ ಹುಡುಕಿ, ತೊಳೆದು, ಮೂರೂ ರಾಮಕೃಷ್ಣರನ್ನು ಒಂದೇ ಪೆಟ್ಟಿಗೆಯಲ್ಲಿ, ಕನ್ನಡ ಸಬ್‌ಟೈಟಲ್ ಸಮೇತ ಯಾರಾದರೂ ಹೊರತರಬಾರದೇ? ಜೊತೆಗೆ ಅನಂತನಾಗ್ ಅವರನ್ನು ಆ ನೂರು ಕಂಬದ ಜಾಗದಲ್ಲಿ ಕೂರಿಸಿ ಒಂದು ಗಂಟೆ ಮಾತಾಡಿಸಲಿ. ಬೆಲೆ 28 ರೂಪಾಯಿಯೇ ಇರಬೇಕೆಂದೇನಿಲ್ಲ.